ಬೀಟ್ರಿಸ್ ಪಾರ್ಟು, ಬೆನೆಡಿಕ್ ಪಾರ್ಟು: ಹಾಳೆಗಳ ಕೆಲಸ ಎಲ್ಲಿಗೆ ಬಂತು

ಷೇಕ್ಸ್‌ಪಿಯರ್‌ನ 'ಮಚ್ ಅಡೂ ಅಬೌಟ್ ನಥಿಂಗ್' ನಾಟಕವನ್ನು ಪಾರ್ಟುಗಳಾಗಿ, ಎಂದರೆ ಒಬ್ಬೊಬ್ಬ ಪಾತ್ರದ ಮಾತಷ್ಟೇ ಇರುವ ಹಾಳೆಗಳಾಗಿ, ಬಿಡಿಸಿ ಬರೆಯುವ ಕೆಲಸ ನಾಲ್ಕನೇ ಅಂಕದ ಮದುವೆ ದೃಶ್ಯ ದಾಟಿದೆ. ಬೀಟ್ರಿಸ್, ಬೆನೆಡಿಕ್, ಹೀರೋ, ಲಿಯೊನಾಟೊ ನಾಲ್ವರ ಹಾಳೆಗಳೂ ಅಲ್ಲಿಯವರೆಗೆ ಸಿದ್ಧ. ಕ್ಲಾಡಿಯೋ ಅರ್ಧ ಆಗಿದ್ದಾನೆ. ಊರ ಕಾವಲುಗಾರರ ಮುಖ್ಯಸ್ಥ ಡಾಗ್‌ಬೆರಿಯನ್ನು ಈ ವಾರ ಕೈಗೆತ್ತಿಕೊಂಡಿದ್ದೇನೆ. ಹೀರೋ ಎಂದರೆ ಇಲ್ಲಿ ನಾಯಕನಲ್ಲ, ಮೆಸ್ಸಿನಾದ ಗವರ್ನರ್ ಲಿಯೊನಾಟೊನ ಮಗಳು. ಅವಳನ್ನು ಮದುವೆಯಾಗಲು ಬಂದವನು ಕ್ಲಾಡಿಯೋ. ಬೀಟ್ರಿಸ್‌ಗೆ ಲಿಯೊನಾಟೊ ದೊಡ್ಡಪ್ಪ; ಸದಾ ಮಾತಿನಲ್ಲಿ ಕಾದಾಡುವ ಅವಳನ್ನೂ ಬೆನೆಡಿಕ್‌ನನ್ನೂ ಉಳಿದವರು ಉಪಾಯದಿಂದ ಒಂದುಗೂಡಿಸುತ್ತಾರೆ.

ಈಗಷ್ಟೇ ಓದಲು ಶುರು ಮಾಡಿದವರಿಗಾಗಿ ಹಿನ್ನೆಲೆ. ಷೇಕ್ಸ್‌ಪಿಯರ್ ಕಾಲದ ನಟನ ಕೈಗೆ ಇಡೀ ನಾಟಕ ಸಿಗುತ್ತಿರಲಿಲ್ಲ. ಅವನ ಮಾತುಗಳು, ಒಂದೊಂದು ಮಾತಿಗೂ ಮುಂಚೆ ಎದುರಿನವರ ಕೊನೆಯ ಎರಡು ಮೂರು ಪದಗಳ ಕ್ಯೂ, ಅಷ್ಟೇ. ಆ ಕ್ಯೂ ಯಾರ ಬಾಯಿಂದ ಬರುತ್ತದೆ ಎಂಬುದನ್ನೂ ಬರೆಯುತ್ತಿರಲಿಲ್ಲ. ಆ ಕಾಲದ ವೃತ್ತಿ ರಂಗಭೂಮಿಯ ಅಂಥ ಒಂದೇ ಒಂದು ಪಾರ್ಟು ಇವತ್ತು ಉಳಿದಿದೆ: ರಾಬರ್ಟ್ ಗ್ರೀನ್ ಬರೆದ 'ಒರ್ಲ್ಯಾಂಡೊ ಫ್ಯೂರಿಯೋಸೊ'ದಲ್ಲಿ ಎಡ್ವರ್ಡ್ ಆಲಿನ್ ಆಡಿದ ಒರ್ಲ್ಯಾಂಡೊ. ಸುಮಾರು 1591ರದ್ದು, ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿದೆ. ಕಾಗದದ ತುಂಡುಗಳನ್ನು ಒಂದರ ಕೆಳಗೊಂದು ಅಂಟಿಸಿದ ಪಟ್ಟಿ. ಉದ್ದಕ್ಕೆ ಎಳೆದ ಗೆರೆ, ಗೆರೆಯ ತುದಿಯಲ್ಲಿ ಕ್ಯೂ. ನನ್ನ ಹಾಳೆಗಳಿಗೆ ಅದೇ ಮಾದರಿ. ಪಠ್ಯಕ್ಕೆ ಆಧಾರ 1600ರಲ್ಲಿ ಅಚ್ಚಾದ ಕ್ವಾರ್ಟೊ, ಎಂದರೆ ಸಣ್ಣ ಆಕಾರದ ಪುಸ್ತಕ. ಹಾಳೆ ಸಿದ್ಧವಾದಂತೆ ಗೆಳೆಯರ ಗುಂಪು ಭಾನುವಾರ ಕೂತು ಓದುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಪಾರ್ಟು ಮಾತ್ರ.

ನನಗಿದ್ದ ಪ್ರಶ್ನೆ ಇದು: ಕಥೆಯೇ ಪೂರ್ತಿ ಕಣ್ಣಿಗೆ ಬೀಳದ ನಟನಿಗೆ ಹೇಗೆ ಆಡಬೇಕೆಂದು ತಿಳಿಯುತ್ತಿದ್ದದ್ದು ಎಲ್ಲಿಂದ? ಇಲ್ಲಿಯವರೆಗಿನ ಕೆಲಸದಿಂದ ನನಗೆ ಕಾಣುತ್ತಿರುವುದು, ಅದು ಮಾತಿನ ಒಳಗೇ ಇದೆ. ಗದ್ಯ ಎಲ್ಲಿ ಪದ್ಯವಾಗುತ್ತದೆ, ಗೌರವದ 'ಯೂ' ಎಲ್ಲಿ ಸಲುಗೆಯ 'ದೌ' ಆಗುತ್ತದೆ, ವಾಕ್ಯ ಎಲ್ಲಿ ಮುರಿಯುತ್ತದೆ — ಇವೇ ರಂಗಸೂಚನೆಗಳು.

ಬೀಟ್ರಿಸ್ ಹಾಳೆಯ ಮೊದಲ ಸಾಲನ್ನೇ ನೋಡಿ. ಯುದ್ಧದಿಂದ ಸಿನ್ಯೋರ್ ಮೌಂಟಾಂಟೊ ಬಂದನೋ ಇಲ್ಲವೋ ಎಂದು ಕೇಳುತ್ತಾಳೆ. ಮೌಂಟಾಂಟೊ ಎಂದರೆ ಕತ್ತಿವರಸೆಯಲ್ಲಿ ಕೆಳಗಿನಿಂದ ಮೇಲಕ್ಕೆ ಇರಿಯುವ ಪಟ್ಟು. ಬೆನೆಡಿಕ್‌ಗೆ ಇವಳಿಟ್ಟ ಅಡ್ಡಹೆಸರು. ಪುಸ್ತಕದಲ್ಲಿ ಓದುವಾಗ ಒಂದು ಕುಚೋದ್ಯವೆಂದು ದಾಟಿಹೋಗಿಬಿಡುತ್ತೇವೆ. ಪಾರ್ಟಿನಲ್ಲಿ ಅದಕ್ಕಿಂತ ಮುಂಚೆ ಏನೂ ಇಲ್ಲ. ದೂತ ಕ್ಲಾಡಿಯೋನ ಪರಾಕ್ರಮ ಬಣ್ಣಿಸುತ್ತಿರುವಷ್ಟು ಹೊತ್ತೂ ಸುಮ್ಮನಿದ್ದವಳು ಬಾಯಿ ತೆರೆಯುವುದೇ ಬೆನೆಡಿಕ್‌ನನ್ನು ವಿಚಾರಿಸಲು. ಬೀಟ್ರಿಸ್ ಓದುವ ಗೆಳತಿಗೆ ಇದಕ್ಕಿಂತ ಹೆಚ್ಚೇನೂ ಹೇಳಬೇಕಾಗಲಿಲ್ಲ.

ಇಬ್ಬರ ಮೊದಲ ಜಟಾಪಟಿಯಲ್ಲಿ ಕ್ಯೂ ಕತ್ತರಿಸುವಾಗ ಒಂದು ಸಂಗತಿ ಗಮನಕ್ಕೆ ಬಂತು. 'ಬೆನೆಡಿಕ್‌ನಂಥ ತಕ್ಕ ಮೇವು ಇರುವಾಗ ತಾತ್ಸಾರ ಸಾಯುವುದುಂಟೆ? ಸೌಜನ್ಯವೂ ತಾತ್ಸಾರವಾಗಿಬಿಡುತ್ತದೆ, ನೀವು ಎದುರು ಬಂದರೆ' ಎನ್ನುತ್ತಾಳೆ ಬೀಟ್ರಿಸ್. 'ಹಾಗಾದರೆ ಸೌಜನ್ಯ ಪಕ್ಷಾಂತರಿ' ಎಂಬುದು ಅವನ ಉತ್ತರ. ಅವನ ಹಾಳೆಯಲ್ಲಿರುವ ಕ್ಯೂ 'ಎದುರು ಬಂದರೆ' ಎಂಬ ತುಣುಕು ಮಾತ್ರ. ಅವನು ಹಿಡಿದು ತಿರುಗಿಸಬೇಕಾದ ಪದ ಕ್ಯೂನಲ್ಲೇ ಇಲ್ಲ, ವಾಕ್ಯದ ನಡುವೆ ಎಲ್ಲೋ ಹೋಗಿಬಿಟ್ಟಿರುತ್ತದೆ. ಹಾಗಾಗಿ ಅವಳ ಮಾತನ್ನು ಮೊದಲಿನಿಂದ ಕಿವಿಗೊಟ್ಟು ಕೇಳದೆ ಬೇರೆ ದಾರಿಯಿಲ್ಲ. ತಾಳಮದ್ದಲೆಯಲ್ಲಿ ಎದುರು ಅರ್ಥಧಾರಿ ಬಿಟ್ಟ ಒಂದು ಪದವನ್ನು ಎತ್ತಿಕೊಂಡು ಅವನ ಮೇಲೇ ತಿರುಗಿಸುವ ಚಾತುರ್ಯ ನೋಡಿದವರಿಗೆ ಈ ವರಸೆ ಕೂಡಲೇ ಹಿಡಿಸುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಮಾತು ಆ ಕ್ಷಣದಲ್ಲಿ ಹುಟ್ಟುತ್ತದೆ, ಇಲ್ಲಿ ಬರೆದಿಟ್ಟ ಮಾತು ಆ ಕ್ಷಣದಲ್ಲಿ ಹುಟ್ಟಿದಂತೆ ಕೇಳಬೇಕು. ಅವನು ತನ್ನ ಕುದುರೆಯ ಮಾತೆತ್ತಿದರೆ, ಇವಳು 'ನೀವು ಯಾವಾಗಲೂ ಮೊಂಡು ಕುದುರೆಯ ಹಾಗೆ ನಡುದಾರಿಯಲ್ಲಿ ನಿಲ್ಲುತ್ತೀರಿ, ನಿಮ್ಮನ್ನು ಹಿಂದಿನಿಂದ ಬಲ್ಲೆ' ಎಂಬರ್ಥದಲ್ಲಿ ಮುಗಿಸುತ್ತಾಳೆ. ಆ 'ಹಿಂದಿನಿಂದ ಬಲ್ಲೆ'ಯಲ್ಲಿ ಹಳೆಯ ಗಾಯವೊಂದಿದೆ. ಎರಡನೇ ಅಂಕದಲ್ಲಿ ಅವನು ಒಮ್ಮೆ ತನಗೆ ಹೃದಯ ಸಾಲ ಕೊಟ್ಟಿದ್ದ ಎನ್ನುವಾಗ ಅದು ಹೊರಗೆ ಬರುತ್ತದೆ.

ನಾಟಕದ ಶೇ. 70ರಷ್ಟು ಗದ್ಯ. ಹಾಗಾಗಿ ಪದ್ಯ ಬಂದ ಕಡೆ ಪೆನ್ಸಿಲಿನಲ್ಲಿ ಅಂಚಿಗೆ ಗೆರೆ ಎಳೆಯುತ್ತಾ ಹೋದೆ. ಎರಡು ಕದ್ದುಕೇಳುವ ದೃಶ್ಯಗಳ ಭೇದ ಸ್ಪಷ್ಟವಾಗಿದ್ದು ಆಗಲೇ. ಎದುರಿನವರು ನಿಮ್ಮನ್ನು ಗುಟ್ಟಾಗಿ ಪ್ರೀತಿಸುತ್ತಿದ್ದಾರೆ ಎಂಬ ಮಾತು ಬೆನೆಡಿಕ್, ಬೀಟ್ರಿಸ್ ಇಬ್ಬರ ಕಿವಿಗೂ ಬೀಳುವಂತೆ ಉಳಿದವರು ಬೇಕೆಂದೇ ಆಡುವ ದೃಶ್ಯಗಳಿವು. ಬೆನೆಡಿಕ್‌ನನ್ನು ಗಂಡಸರು ಮರುಳು ಮಾಡುವುದು ಗದ್ಯದಲ್ಲಿ, ಗದ್ದಲದಲ್ಲಿ. ಬೀಟ್ರಿಸ್‌ಳಲ್ಲಿ ಪ್ರೇಮದ ಯಾವ ಲಕ್ಷಣ ಕಂಡಿರಿ ಎಂದು ರಾಜಕುಮಾರ ಡಾನ್ ಪೆಡ್ರೋ ಕೇಳಿದಾಗ ಲಿಯೊನಾಟೊಗೆ ಏನು ಹೇಳಬೇಕೆಂದು ಹೊಳೆಯದೆ, 'ನನ್ನ ಮಗಳು ಹೇಳಿದ್ದು ನೀನೂ ಕೇಳಿದೆಯಲ್ಲ' ಎಂದು ಕ್ಲಾಡಿಯೋನ ತಲೆಗೆ ಕಟ್ಟುತ್ತಾನೆ. ಬೀಟ್ರಿಸ್‌ಳನ್ನು ಹೀರೋ ಮತ್ತು ಅವಳ ಸಖಿ ಅರ್ಸುಲಾ ಮರುಳು ಮಾಡುವುದು ಪದ್ಯದಲ್ಲಿ. ಹೀರೋ ಹಾಳೆ ನನ್ನನ್ನು ಬಹಳ ಕಾಡಿದ್ದೂ ಇಲ್ಲೇ. ಮೊದಲ ದೃಶ್ಯದಲ್ಲಿ ಅವಳಿಗೆ ಒಂದೇ ಸಾಲು. ತನ್ನ ಮದುವೆ ನಿಶ್ಚಯವಾಗುವ ಹೊತ್ತಿನಲ್ಲಿ ಕ್ಲಾಡಿಯೋಗೆ ಹೇಳಲು ಒಂದು ಮಾತೂ ಇಲ್ಲ. ಗಂಡಸರಿಲ್ಲದ ತೋಟದ ದೃಶ್ಯಕ್ಕೆ ಬಂದೊಡನೆ ಹಾಳೆ ತುಂಬಿ ಹರಿಯುತ್ತದೆ. ಯಾರು ಎಲ್ಲಿ ಅಡಗಬೇಕು, ಏನು ಮಾತಾಡಬೇಕು, ಎಲ್ಲ ಅವಳದೇ ನಿರ್ದೇಶನ. ಹೀರೋ ಪೆದ್ದು ಹುಡುಗಿ ಎನ್ನುವ ಮಾತನ್ನು ನಾನು ಇನ್ನು ಒಪ್ಪಲಾರೆ.

ಅವರು ಹೋದ ಮೇಲೆ ಬೀಟ್ರಿಸ್ ಒಬ್ಬಳೇ ಉಳಿದು ಹತ್ತು ಸಾಲು ಹೇಳುತ್ತಾಳೆ. ಪದ್ಯ, ಅದೂ ಪ್ರಾಸಬದ್ಧ. ಸಾನೆಟ್ಟಿನಿಂದ ನಾಲ್ಕು ಸಾಲು ಕಡಿಮೆ ಮಾಡಿದ ಅಳತೆ. ಅಲ್ಲಿಯವರೆಗೆ ಅವಳ ಹಾಳೆಯಲ್ಲಿ ನನ್ನ ಪೆನ್ಸಿಲ್ ಗೆರೆಯೇ ಇರಲಿಲ್ಲ. ಬೆನೆಡಿಕ್‌ನನ್ನು 'ದೀ' ('ದೌ'ನ ಇನ್ನೊಂದು ರೂಪ) ಎಂದು ಕರೆಯುವುದೂ ಇಲ್ಲೇ, ಅವನು ಎದುರಿಗಿಲ್ಲದಾಗ. ಅವನ ಮುಖದೆದುರು ಕೊನೆಯವರೆಗೂ ಅವಳು 'ಯೂ' ಬಿಡುವುದಿಲ್ಲ. ನೀನು–ನೀವುಗಳ ನಡುವೆ ಬೆಳೆದ ನಮಗೆ ಇದರ ತೂಕ ವಿವರಿಸಿ ಹೇಳಬೇಕಿಲ್ಲ.

ನಾಲ್ಕನೇ ಅಂಕದ ಮೇಲೆ ಹೆಚ್ಚು ಹೊತ್ತು ಕೂತೆ. ಇನ್ನೊಬ್ಬನಿಗೆ ಕಿಟಕಿಯಲ್ಲಿ ಸಿಕ್ಕವಳೆಂಬ ಸುಳ್ಳನ್ನು ನಂಬಿ ಕ್ಲಾಡಿಯೋ ಹೀರೋಳನ್ನು ಮದುವೆ ಮಂಟಪದಲ್ಲೇ ಹೀನಾಯಗೊಳಿಸುವುದು ನಯವಾದ ಪದ್ಯದಲ್ಲಿ. ಎಲ್ಲರೂ ಹೋಗಿ ಬೀಟ್ರಿಸ್, ಬೆನೆಡಿಕ್ ಇಬ್ಬರೇ ಉಳಿದಾಗ ನಾಟಕ ಗದ್ಯಕ್ಕೆ ಇಳಿಯುತ್ತದೆ. ನಿಜವಾದ ಮಾತು ಇಲ್ಲಿ ಗದ್ಯದ್ದು ಎಂದೇ ನನ್ನ ಅನಿಸಿಕೆ. ಲೋಕದಲ್ಲಿ ನಿಮ್ಮಷ್ಟು ಇನ್ನಾವುದನ್ನೂ ಪ್ರೀತಿಸಿಲ್ಲ ಎಂದು 'ಯೂ'ನಲ್ಲಿ ಶುರು ಮಾಡಿದ ಬೆನೆಡಿಕ್ ನಾಲ್ಕು ಮಾತಿನೊಳಗೆ 'ದೌ'ಗೆ ಜಾರುತ್ತಾನೆ. ನಿನಗಾಗಿ ಏನು ಮಾಡಲಿ ಹೇಳು ಎನ್ನುತ್ತಾನೆ. 'ಕಿಲ್ ಕ್ಲಾಡಿಯೋ.' ಎರಡೇ ಪದ. ಬೇರೆ ಕಡೆ ಕ್ಯೂ ಎಂದರೆ ಮಾತಿನ ಬಾಲ. ಇಲ್ಲಿ ಇಡೀ ಮಾತೇ ಕ್ಯೂ.

ಅದರ ಬೆನ್ನಿಗೇ ಬೆನೆಡಿಕ್ ಹಾಳೆ ಒಡೆದು ಚೂರಾಗುತ್ತದೆ. 'ಕೇಳು, ಬೀಟ್ರಿಸ್—', ಆಮೇಲೆ 'ಅಲ್ಲ, ಆದರೆ, ಬೀಟ್ರಿಸ್—', ಆಮೇಲೆ 'ಬೀಟ್—'. ಹೆಸರೇ ಅರ್ಧಕ್ಕೆ ನಿಲ್ಲುತ್ತದೆ. ಅವಳ ಹಾಳೆಯಲ್ಲಿ ಅದೇ ಜಾಗ ಸಿಟ್ಟಿನಿಂದ ತುಂಬಿದೆ: ನಾನು ಗಂಡಸಾಗಿದ್ದರೆ ಆ ಕ್ಲಾಡಿಯೋನ ಎದೆಯನ್ನು ಸಂತೆಯ ನಡುವೆ ತಿಂದುಹಾಕುತ್ತಿದ್ದೆ. ಹೆಣ್ಣು ಪಾತ್ರಗಳನ್ನು ಹುಡುಗರೇ ಆಡುತ್ತಿದ್ದ ಕಾಲದಲ್ಲಿ ಈ ಮಾತು ಒಬ್ಬ ಹುಡುಗನ ಬಾಯಿಂದ ಬಂದಿತ್ತು. ಭಾನುವಾರದ ಓದಿನಲ್ಲಿ ಯಾವ ಸೂಚನೆಯೂ ಇಲ್ಲದೆ ಬೆನೆಡಿಕ್ ಮೂರು ಸಲ ಬಾಯಿ ತೆರೆದು ಮೂರು ಸಲವೂ ಸೋತ. ಈ ಕೆಲಸ ಶುರು ಮಾಡಿದ್ದು ಇದಕ್ಕಾಗಿಯೇ.

ಸಣ್ಣ ಪುಟ್ಟವು ಕೆಲವು. ಕ್ವಾರ್ಟೊದ ಮೊದಲ ರಂಗಸೂಚನೆಯಲ್ಲಿ ಲಿಯೊನಾಟೊನ ಹೆಂಡತಿ ಇನ್ನೋಜೆನ್ ಬರುತ್ತಾಳೆ, ಆದರೆ ನಾಟಕದುದ್ದಕ್ಕೂ ಅವಳಿಗೆ ಮಾತಿಲ್ಲ, ಹಾಗಾಗಿ ಹಾಳೆಯೂ ಇಲ್ಲ. ಆಕೆಯನ್ನು ಕೈಬಿಟ್ಟದ್ದು ಸರಿ. ಮದುವೆ ದೃಶ್ಯದಲ್ಲಿ ತಾಯಿಯೊಬ್ಬಳು ಬಾಯಿಮುಚ್ಚಿ ನಿಂತಿದ್ದರೆ ನಂಬಲಾಗುತ್ತಿರಲಿಲ್ಲ. ಡಾಗ್‌ಬೆರಿಯ ವಿಚಾರಣೆ ದೃಶ್ಯದಲ್ಲಿ ಮಾತಿನ ಮುಂದೆ ಪಾತ್ರದ ಹೆಸರಿನ ಬದಲು ಕೆಂಪ್ ಎಂದೇ ಅಚ್ಚಾಗಿದೆ, ಅವನ ಜೊತೆಗಾರ ವರ್ಜಸ್ ಬದಲು ಕೌಲಿ. ಎರಡೂ ಆ ಪಾತ್ರ ಆಡಿದ ನಟರ ಹೆಸರು. ವಿಲ್ ಕೆಂಪ್ ಎಂದರೆ ಷೇಕ್ಸ್‌ಪಿಯರ್ ತಂಡದ ಹಾಸ್ಯನಟ. 1599ರ ಹೊತ್ತಿಗೆ ತಂಡ ಬಿಟ್ಟ. ನಾಟಕ ಅದಕ್ಕೂ ಮುಂಚಿನದೆನ್ನಲು ಇದೂ ಒಂದು ಆಧಾರ. ಡಾಗ್‌ಬೆರಿ ದೊಡ್ಡ ಪದಗಳನ್ನೆಲ್ಲ ಉಲ್ಟಾ ಬಳಸುತ್ತಾನೆ. ಖಳನನ್ನು ನಿತ್ಯ ನರಕಕ್ಕೆ ಕಳಿಸುವ ಬದಲು ನಿತ್ಯ ಮೋಕ್ಷಕ್ಕೆ ಕಳಿಸುತ್ತಾನೆ. ಆದರೂ ಜಾಣರು ಯಾರೂ ಕಾಣದ ಸತ್ಯ ಬಯಲಾಗುವುದು ಅವನ ಕಾವಲುಗಾರರ ಕೈಯಲ್ಲೇ.

ಮುಂದಿನದು ಕೊನೆಯ ದೃಶ್ಯ. ಅಲ್ಲೊಂದು ತೀರ್ಮಾನ ಬಾಕಿ ಇತ್ತು. 'ಸುಮ್ಮನಿರು, ನಿನ್ನ ಬಾಯಿ ಮುಚ್ಚಿಸುತ್ತೇನೆ' ಎಂಬ ಪ್ರಸಿದ್ಧ ಸಾಲನ್ನು ಬೆನೆಡಿಕ್ ಮುತ್ತಿಡುತ್ತಾ ಹೇಳುವುದು ರೂಢಿ. ಕ್ವಾರ್ಟೊದಲ್ಲಿ ಅದು ಲಿಯೊನಾಟೊನ ಮಾತು. ಬೆನೆಡಿಕ್‌ಗೆ ಕೊಟ್ಟದ್ದು 18ನೇ ಶತಮಾನದ ಸಂಪಾದಕ ಲೂಯಿಸ್ ತಿಯೊಬಾಲ್ಡ್. ಅವನ ಪರವಾಗಿಯೂ ವಾದವಿದೆ: ಎರಡನೇ ಅಂಕದಲ್ಲಿ ಮುತ್ತಿಟ್ಟು ಕ್ಲಾಡಿಯೋನ ಬಾಯಿ ಮುಚ್ಚಿಸು ಎಂದು ಹೀರೋಗೆ ಹೇಳಿಕೊಟ್ಟವಳು ಬೀಟ್ರಿಸ್ಸೇ. ಆದರೂ ನಾನು ಸಾಲನ್ನು ಲಿಯೊನಾಟೊ ಹಾಳೆಗೇ ಬರೆಯುತ್ತಿದ್ದೇನೆ. ಮಾತಿನಲ್ಲಿ ಅವಳಿಗೆ ಸರಿಸಾಟಿಯಾಗಿ ನಿಂತ ಒಬ್ಬನೇ ಗಂಡಸು ಅವಳ ಬಾಯಿ ಮುಚ್ಚಿಸುವುದಕ್ಕಿಂತ, ಇಬ್ಬರ ವಾದ ಕೇಳಿ ಸಾಕಾದ ದೊಡ್ಡಪ್ಪ ಒಬ್ಬರತ್ತ ಒಬ್ಬರನ್ನು ತಳ್ಳುವುದು ಈ ನಾಟಕಕ್ಕೆ ಹೆಚ್ಚು ಒಪ್ಪುತ್ತದೆ. ಬರುವ ಭಾನುವಾರ ಎರಡೂ ರೀತಿ ಓದಿ ನೋಡುತ್ತೇವೆ.