ಸಿ ಡ್ರೈವ್ ಕೆಂಪಾದ ದಿನ

ನನ್ನದು ಕಂಪ್ಯೂಟರ್ ಸರ್ವಿಸ್ ಕೆಲಸ. ಶುರುವಿನ ವರ್ಷಗಳಲ್ಲಿ ಹೊಸ ಡಿಸ್ಕ್ ಕೈಗೆ ಬಂದರೆ ಸಾಕು, ಹೋಳು (ಪಾರ್ಟಿಷನ್) ಮಾಡದೆ ಕೊಡುತ್ತಿರಲಿಲ್ಲ. ಸಿಸ್ಟಮ್‌ಗೆ ಒಂದು, ಫೋಟೋಗೆ ಒಂದು, ಸಿನಿಮಾಗೆ ಒಂದು. ಹೋಳುಗಳ ಪಟ್ಟಿ ಇಡುವ ಹಳೆಯ ಪದ್ಧತಿಯಾದ ಎಂಬಿಆರ್ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ (ಮುಖ್ಯ) ಪಾರ್ಟಿಷನ್ ಮಾಡೋಕೆ ಬರದಿದ್ದದ್ದೇ ಪುಣ್ಯ.

ಆ ಚಟ ಬಿಡಿಸಿದ್ದು ಒಂದು ಮನೆಯ ಕಂಪ್ಯೂಟರ್. 500 ಜಿಬಿ ಡಿಸ್ಕಿನಲ್ಲಿ ವಿಂಡೋಸ್ ಇರುವ ಸಿಗೆ 60 ಜಿಬಿ ಕೊಟ್ಟು, ಉಳಿದದ್ದನ್ನೆಲ್ಲ ಡಿಗೆ ಬಿಟ್ಟವನು ನಾನೇ. ಒಂದು ದಿನ ಫೋನ್ ಬಂತು: "ಸರ್, ಅಪ್‌ಡೇಟ್ ಆಗ್ತಿಲ್ಲ, ಸಿ ಕೆಂಪಾಗಿದೆ." ಹೋಗಿ ನೋಡಿದರೆ ಸಿಯಲ್ಲಿ 1 ಜಿಬಿಯೂ ಉಳಿದಿಲ್ಲ, ಡಿಯಲ್ಲಿ 300 ಜಿಬಿ ಖಾಲಿ ಬಿದ್ದಿದೆ.

ಡಿ ಇದ್ದರೇನು, ಡೌನ್‌ಲೋಡ್ ಮಾಡಿದ್ದು, ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಎಲ್ಲ ಹೋಗಿ ಬೀಳುವುದು ಸಿಯಲ್ಲೇ. ಅದರ ಮೇಲೆ, ಕಂಪ್ಯೂಟರ್ ಮಲಗುವಾಗ ಮೆಮೊರಿಯಲ್ಲಿದ್ದದ್ದನ್ನು ಬರೆದಿಡುವ ಹೈಬರ್ನೇಷನ್ ಫೈಲ್ ಒಂದೇ ರ‍್ಯಾಮ್‌ನ ಗಾತ್ರದ ಸುಮಾರು 40 ಶೇಕಡಾದಷ್ಟು ಜಾಗವನ್ನು ಸಿಯಲ್ಲಿ ಹಿಡಿಯುತ್ತದೆ. ಮೆಮೊರಿ ಸಾಲದಾಗ ಬಳಸುವ ಪೇಜ್‌ಫೈಲ್, ಹಳೆಯ ಅಪ್‌ಡೇಟ್‌ಗಳ ಕಸ ಬೇರೆ. 60 ಜಿಬಿ ಎಲ್ಲಿಗೆ ಸಾಕು?

ಡಿಯಿಂದ 50 ಜಿಬಿ ತೆಗೆದು ಸಿಗೆ ಸೇರಿಸಿದರಾಯಿತು ಅಂದುಕೊಂಡೆ. ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಯನ್ನು ಶ್ರಿಂಕ್ ಮಾಡಿದೆ, ಅಂದರೆ ಕುಗ್ಗಿಸಿದೆ. ಖಾಲಿಯಾದ ಜಾಗ ಬಂದದ್ದು ಡಿಯ ಬಲಗಡೆ, ತುದಿಯಲ್ಲಿ. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದನ್ನು ಹಿಗ್ಗಿಸುವ 'ಎಕ್ಸ್‌ಟೆಂಡ್ ವಾಲ್ಯೂಮ್' ಮಂಕಾಗಿಯೇ ಇತ್ತು. ಅದಕ್ಕೆ ಜಾಗ ತನ್ನ ಬಲಕ್ಕೆ, ಮೈಗೆ ಮೈ ತಾಗಿಕೊಂಡೇ ಇರಬೇಕು. ನಡುವೆ ಡಿ ಇತ್ತು, ಡಿಗೂ ಮುಂಚೆ, ವಿಂಡೋಸ್ ಕೆಟ್ಟಾಗ ಸರಿಪಡಿಸಲು ಇರುವ ಪುಟ್ಟ ರಿಕವರಿ ಪಾರ್ಟಿಷನ್ ಒಂದು ಕೂತಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಪಾರ್ಟಿಷನ್ ಸರಿಸುವ ಬೇರೊಂದು ಸಾಫ್ಟ್‌ವೇರ್ ಹಾಕಿ ಡಿಯನ್ನೇ ಬಲಕ್ಕೆ ತಳ್ಳಲು ಹೊರಟೆ. ಪಾರ್ಟಿಷನ್ ಸರಿಸುವುದೆಂದರೆ ಒಳಗಿನ ಡೇಟಾವನ್ನೆಲ್ಲ ಎತ್ತಿ ಎತ್ತಿ ಇಡುವುದು, ಗಂಟೆಗಟ್ಟಲೆ ಕೆಲಸ. ಅರ್ಧದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ, ಬ್ಯಾಕಪ್ಪೂ ತೆಗೆದಿರಲಿಲ್ಲ. ಮತ್ತೆ ಆನ್ ಮಾಡಿದಾಗ ಡಿ 'ರಾ' (ಒಳಗೇನಿದೆ ಅಂತ ವಿಂಡೋಸ್‌ಗೆ ಓದಲಾಗದ ಸ್ಥಿತಿ) ಅಂತ ತೋರಿಸಿತು, ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು.

ಮನೆಯವರು ಕೂಗಾಡಲಿಲ್ಲ. ಒಂದೇ ಮಾತು ಕೇಳಿದರು: "ಡಿಯಲ್ಲಿಟ್ಟರೆ ಸೇಫ್ ಅಂದಿದ್ರಲ್ಲ ಸರ್?"

ಅಂದಿದ್ದೆ, ನೂರು ಜನಕ್ಕೆ ಅಂದಿದ್ದೆ. ವಿಂಡೋಸ್ ಕೆಟ್ಟು ಸಿಯನ್ನು ಫಾರ್ಮ್ಯಾಟ್ ಮಾಡುವಾಗ ಡಿ ಉಳಿಯುತ್ತದೆ, ಅಷ್ಟು ಮಟ್ಟಿಗೆ ಮಾತು ನಿಜ. ಆದರೆ ಎರಡೂ ಒಂದೇ ಡಿಸ್ಕ್. ಡಿಸ್ಕ್ ಸತ್ತರೆ, ಇಲ್ಲ ನನ್ನಂಥವನು ಕೈ ಹಾಕಿದರೆ, ಅಕ್ಷರ ಬೇರೆಯಾದ ಮಾತ್ರಕ್ಕೆ ಏನೂ ಉಳಿಯುವುದಿಲ್ಲ. ರಿಕವರಿ ಸಾಫ್ಟ್‌ವೇರ್ ಎರಡು ರಾತ್ರಿ ಓಡಿಸಿ ಫೋಟೋಗಳನ್ನು ಹೊರತೆಗೆದೆ. ಫೋಲ್ಡರ್ ಇಲ್ಲ, ಹೆಸರಿಲ್ಲ, ಬರೀ ನಂಬರ್‌ಗಳು.

ಈಗ 256 ಜಿಬಿ ಎಸ್‌ಎಸ್‌ಡಿ ಇದ್ದರೆ ಹೋಳೇ ಮಾಡುವುದಿಲ್ಲ. 1 ಟಿಬಿ ಇದ್ದು, ಬೇಕೇ ಬೇಕು ಅಂದರೆ ಸಿಗೆ 250 ಜಿಬಿ ಕೊಟ್ಟು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಪ್ರಾಪರ್ಟೀಸ್‌ನ 'ಲೊಕೇಶನ್' ಟ್ಯಾಬ್‌ನಿಂದಲೇ ಡಿಗೆ ಸರಿಸಿ ಕೊಡುತ್ತೇನೆ. ಪ್ರೋಗ್ರಾಮ್‌ಗಳ ಸ್ವಂತ ಫೋಲ್ಡರ್‌ಗಳಾದ ಆಪ್‌ಡೇಟಾ, ಪ್ರೋಗ್ರಾಮ್ ಫೈಲ್ಸ್ ತಂಟೆಗೆ ಹೋಗುವುದಿಲ್ಲ. ಲಿನಕ್ಸ್ ಆದರೆ ಸಿಸ್ಟಮ್ ಇರುವ ರೂಟ್‌ಗೆ 50 ಜಿಬಿ, ಬಳಕೆದಾರರ ಫೈಲ್‌ಗಳಿರುವ ಹೋಮ್ ಬೇರೆ. ಹೋಮ್ ಫಾರ್ಮ್ಯಾಟ್ ಮಾಡದೆ ಸಿಸ್ಟಮ್ ಮಾತ್ರ ಹೊಸದಾಗಿ ಹಾಕಬಹುದು. ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆಯಾದ ಇಎಕ್ಸ್‌ಟಿ4 ತನ್ನಷ್ಟಕ್ಕೆ 5 ಶೇಕಡಾ ಜಾಗ ರೂಟ್ ಬಳಕೆದಾರನಿಗೆ, ಅಂದರೆ ಅಡ್ಮಿನ್‌ಗೆ, ಮೀಸಲಿಡುತ್ತದೆ. ಬರೀ ಡೇಟಾ ಇಡುವ ದೊಡ್ಡ ಪಾರ್ಟಿಷನ್‌ನಲ್ಲಿ ಅದು ದಂಡ, 1ಕ್ಕೆ ಇಳಿಸುತ್ತೇನೆ.

ಕಂಪ್ಯೂಟರ್ ಶುರುವಾಗಲು ಬೇಕಾದ ಇಎಫ್‌ಐ, ರಿಕವರಿಯಂಥ ಚಿಲ್ಲರೆ ಪಾರ್ಟಿಷನ್‌ಗಳನ್ನು ಮೊದಲು ಜಾಗ ದಂಡ ಅಂತ ಬೈಯುತ್ತಿದ್ದೆ. 2024ರ ಜನವರಿಯಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್‌ಗೆ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಇಲ್ಲದ ಕಂಪ್ಯೂಟರ್‌ಗಳಲ್ಲೆಲ್ಲ ಎರರ್. ಆ ವಾರ ಪೂರ್ತಿ ಅದೇ ಕೆಲಸ.

ಆ ಮನೆಯ ಕಂಪ್ಯೂಟರ್‌ನಲ್ಲಿ ಈಗ ಸಿ ಒಂದೇ, ಪಕ್ಕದಲ್ಲೊಂದು ಹೊರಗಿನ ಡಿಸ್ಕ್. ಡಿಸ್ಕ್ ನಾನೇ ಕೊಡಿಸಿದ್ದು, ಬಿಲ್ ಹಾಕಲಿಲ್ಲ. ಫೋಟೋಗಳಿಗೆ ಮಾತ್ರ ಇವತ್ತಿಗೂ ನಂಬರ್‌ಗಳೇ ಹೆಸರು.