ಅಂಗೈಯಲ್ಲೇ ಇರೋ ದಾರಿ

ದೇವರ ಜೊತೆ ಒಂದಾಗೋಕೆ ನಡುವೆ ಯಾರೂ ಬೇಕಿಲ್ಲ ಅನ್ನೋದು ನಮ್ಮ ದಾವಣಗೆರೆ ಕಡೆ ಹೊಸ ಮಾತೇನಲ್ಲ, 12ನೇ ಶತಮಾನದಲ್ಲೇ ಶರಣರು ಮೈ ಮೇಲೆ ಕಟ್ಕೊಳ್ಳೋ ಪುಟ್ಟ ಇಷ್ಟಲಿಂಗನ ಜನರ ಕೈಗೇ ಕೊಟ್ಟು ಗುಡಿ, ಪೂಜಾರಿ ಯಾರ ಹಂಗೂ ಇಲ್ದಂಗೆ ಮಾಡಿದ್ರು. ಆದ್ರೂ ನಮ್ಮಲ್ಲಿ ಎಷ್ಟೋ ಜನ ವಿಭೂತಿ ಹಚ್ಕೊಂಡು ಎರಡು ನಿಮಿಷದಲ್ಲಿ ಪೂಜೆ ಮುಗ್ಸಿ ಬಸ್ ಹಿಡಿಯೋಕೆ ಓಡ್ತಾರೆ.

ನಮ್ಮಜ್ಜಿ ಹಂಗಲ್ಲ. ಲಿಂಗ ಇಡೋ ಪುಟ್ಟ ಡಬ್ಬಿ, ಅಂದ್ರೆ ಕರಡಿಗೆ ಬಿಚ್ಚಿ ಲಿಂಗನ ಎಡಗೈ ಅಂಗೈ ಮೇಲೆ ಇಟ್ಕೊಂಡು, ಕೈನ ಕಣ್ಣ ಮುಂದಕ್ಕೆ ಎತ್ತಿ ಕೂರೋರು. ಆ ಕಪ್ಪು ಮೈ ಮೇಲೆ ದೀಪದ ಬೆಳಕು ಸಾಸಿವೆ ಕಾಳಷ್ಟು ಚುಕ್ಕಿಯಾಗಿ ಬೀಳುತ್ತೆ, ದೃಷ್ಟಿ ಅಲ್ಲೇ ನೆಡಬೇಕು. ನಾನೂ ಈಗ ಹಂಗೇ ಕೂರ್ತೀನಿ. ಮೊದ್ಲು ಮೊಬೈಲು, ಇಎಂಐ, ಆಫೀಸು ಎಲ್ಲಾ ತಲೇಲಿ ಓಡುತ್ತೆ, ಓಡ್ಲಿ, ಅದರ ಜೊತೆ ಜಗಳ ಆಡಬಾರ್ದು, ಮತ್ತೆ ಚುಕ್ಕಿಗೆ ಬರೋದು ಅಷ್ಟೆ. ಬರ್ತಾ ಬರ್ತಾ ಉಸಿರು ತಾನಾಗೇ ನಿಧಾನ ಆಗುತ್ತೆ, ನಾನು ಬೇರೆ ಅದು ಬೇರೆ ಅನ್ನೋದು ಸಡಿಲ ಆಗುತ್ತೆ. ಶರಣರು ಇದರ ಕೊನೆಯನ್ನ ಲಿಂಗಾಂಗ ಸಾಮರಸ್ಯ, ಅಂದ್ರೆ ದೇವರು ಭಕ್ತ ಒಂದಾಗೋದು ಅಂದ್ರು, ಅಲ್ಲಿಗೆ ಮುಟ್ಟಿದೀನಿ ಅಂತ ನಾನು ಹೇಳಲ್ಲ, ಆದ್ರೆ ನನ್ನ ದಾರಿ ಇದೇ ಅನ್ನೋದು ಗ್ಯಾರಂಟಿ.

ನಿಮ್ಮದು ಜಪ ಇರಬಹುದು, ನಮಾಜ್ ಇರಬಹುದು, ಭಜನೆ ಇರಬಹುದು. ಬೆಳಿಗ್ಗೆ ಮನೆಯವರು ಏಳೋ ಮುಂಚೆ ಒಬ್ರೇ ಕೂತು ನೋಡಿ, ಫೋನ್ ಪಕ್ಕದ ರೂಮಲ್ಲಿರ್ಲಿ.