ಸೇಲ್ಸ್ 10% ಜಾಸ್ತಿ, ಕಾಂಟ್ರಿಬ್ಯೂಷನ್ 10% ಕಮ್ಮಿ: ಇದು ಹೇಗೆ?

ತಿಂಗಳ ಕೊನೆಯ ಸೇಲ್ಸ್ ಮೀಟಿಂಗಿನಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಟಾರ್ಗೆಟ್ ಮುಟ್ಟಿತಾ? ನಾನು ಮಸಾಲೆ ಪುಡಿ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಕಾಸ್ಟಿಂಗ್ ನೋಡಿಕೊಳ್ಳುತ್ತೇನೆ. ಟಾರ್ಗೆಟ್ ದಾಟಿದ ತಿಂಗಳಲ್ಲೇ ಕೈಯಲ್ಲಿ ಉಳಿಯುವುದು ಕಮ್ಮಿಯಾಗಿದ್ದನ್ನು ಇಲ್ಲಿ ನೋಡಿದ್ದೇನೆ. ಯಾರೂ ಸುಳ್ಳು ಬಿಲ್ ಹಾಕಿರಲಿಲ್ಲ, ರೇಟೂ ಇಳಿಸಿರಲಿಲ್ಲ. ಕೆಳಗಿನ ಅಂಕಿಗಳು ನಮ್ಮ ಪುಸ್ತಕದವಲ್ಲ, ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಲೆಕ್ಕದ ರೀತಿ ಮಾತ್ರ ಅದೇ.

ಸಾಂಬಾರ್ ಪುಡಿ ಎರಡು ಥರ ಹೋಗುತ್ತದೆ. ಹೋಟೆಲಿಗೆ ದೊಡ್ಡ ಪ್ಯಾಕ್. ಮೆಣಸಿನಕಾಯಿ, ಧನಿಯಾ, ಪ್ಯಾಕಿಂಗ್ ಖರ್ಚೆಲ್ಲ ಕಳೆದರೆ ಕಿಲೋಗೆ 40 ರೂಪಾಯಿ ಉಳಿಯುತ್ತದೆ, ಇದೇ ಕಾಂಟ್ರಿಬ್ಯೂಷನ್. ಅಂಗಡಿಗೆ 100 ಗ್ರಾಂ ಪೌಚ್, ಅದರಲ್ಲಿ ಕಿಲೋಗೆ 120. ಬಜೆಟ್ 10,000 ಕಿಲೋ: ಹೋಟೆಲ್ 4,000, ಪೌಚ್ 6,000. ಬರಬೇಕಾದ ಕಾಂಟ್ರಿಬ್ಯೂಷನ್ 8,80,000, ಅಂದರೆ ಸರಾಸರಿ ಕಿಲೋಗೆ 88. ನಿಜವಾಗಿ ಹೋದದ್ದು 11,000 ಕಿಲೋ. ಆದರೆ ಹೋಟೆಲ್ 6,600, ಪೌಚ್ ಬರೀ 4,400. ಬಂದದ್ದು 7,92,000.

ಒಟ್ಟು ವ್ಯತ್ಯಾಸ 88,000 ರೂಪಾಯಿ ಕಮ್ಮಿ. ಇದನ್ನು ಇಷ್ಟಕ್ಕೇ ಬಿಟ್ಟರೆ ಏನೂ ತಿಳಿಯುವುದಿಲ್ಲ, ಒಡೆದು ನೋಡಬೇಕು. ಹೆಚ್ಚು ಹೋದ 1,000 ಕಿಲೋಗೆ ಸರಾಸರಿ 88ರಂತೆ 88,000 ಲಾಭ, ಇದು ಕ್ವಾಂಟಿಟಿ ವೇರಿಯನ್ಸ್. ಆದರೆ ಮಾರಿದ ಸರಕಿನ ಸರಾಸರಿ 88ರಿಂದ 72ಕ್ಕೆ ಇಳಿದಿದೆ, 16 ರೂಪಾಯಿ ಇಂಟು 11,000 ಕಿಲೋ ಅಂದರೆ 1,76,000 ನಷ್ಟ, ಇದು ಮಿಕ್ಸ್ ವೇರಿಯನ್ಸ್. ಎರಡೂ ಸೇರಿದರೆ ಅದೇ 88,000 ಕಮ್ಮಿ. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಸೇಲ್ಸ್ ಹುಡುಗರ ಇನ್ಸೆಂಟಿವ್ ಕಿಲೋ ಲೆಕ್ಕದ ಮೇಲಿತ್ತು. ಒಂದು ಹೋಟೆಲ್ ಹಿಡಿದರೆ ಚೀಲಗಟ್ಟಲೆ ಹೋಗುತ್ತದೆ, ಪೌಚ್ ಮಾರಲು ಬೀದಿ ಬೀದಿ ಸುತ್ತಬೇಕು. ಅವರು ಮಾಡಿದ್ದು ಸರಿಯೇ, ನಾವು ಕೇಳಿದ್ದನ್ನೇ ಕೊಟ್ಟರು. ಆಮೇಲೆ ಇನ್ಸೆಂಟಿವನ್ನು ಕಾಂಟ್ರಿಬ್ಯೂಷನ್ ಮೇಲೆ ಕೊಡಲು ಶುರು ಮಾಡಿದೆವು.

ಕಾಂಬೋ ಪ್ಯಾಕ್ ಇದ್ದರೆ ಇನ್ನೊಂದು ತಲೆನೋವು. ಸಾಂಬಾರ್ 60, ರಸಂ 50, ಪುಳಿಯೋಗರೆ 90, ಬೇರೆ ಬೇರೆ ಕೊಂಡರೆ 200, ಹಬ್ಬದ ಕಾಂಬೋ 160. ಈ 160 ಯಾರ ಖಾತೆಗೆ ಎಷ್ಟು? ಬಿಡಿ ಬೆಲೆಯ ಅನುಪಾತದಲ್ಲಿ ಹಂಚಿದರೆ 48, 40, 72. ಸಾಂಬಾರ್, ರಸಂ ಮೊದಲು ಪೂರ್ತಿ ತೆಗೆದುಕೊಂಡರೆ ಪುಳಿಯೋಗರೆಗೆ ಉಳಿಯುವುದು 50 ಮಾತ್ರ. ಯಾರನ್ನು ಮೊದಲು ಕೂರಿಸುತ್ತೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ನಾನು ಅನುಪಾತದ ಪರ. ಮಾರಾಟದ ಆದಾಯವನ್ನು ಹೇಗೆ ಬರೆಯಬೇಕು ಅಂತ ಹೇಳುವ ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 115 ಕೂಡ ಸಾಮಾನ್ಯವಾಗಿ ಇದೇ ದಾರಿ ಹೇಳುತ್ತದೆ, ಜಗಳವೂ ಕಮ್ಮಿ.

ಈಗ ಗಿರಾಕಿಗಳ ವಿಷಯ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ.

ಒಂದು ಸೂಪರ್‌ಮಾರ್ಕೆಟ್ ಚೈನ್, ತಿಂಗಳಿಗೆ 20 ಲಕ್ಷ ಬಿಲ್ಲಿಂಗ್, ಮಾಲಿನ ಖರ್ಚು ಕಳೆದು ಉಳಿಯುವ ಗ್ರಾಸ್ ಮಾರ್ಜಿನ್ 25%, ಅಂದರೆ 5 ಲಕ್ಷ. ಎಲ್ಲರ ಕಣ್ಣಿಗೂ ನಂಬರ್ ಒನ್ ಗಿರಾಕಿ. ಆದರೆ ಅವರ ಡೆಬಿಟ್ ನೋಟುಗಳು (ನಮ್ಮ ಬಿಲ್ಲಿನಲ್ಲಿ ಎಷ್ಟು ಕಡಿದುಕೊಂಡರು ಅಂತ ತಿಳಿಸುವ ಚೀಟಿಗಳು) ಎರಡು ಮೂರು ತಿಂಗಳು ತಡವಾಗಿ ಬರುತ್ತವೆ, ಪೇಮೆಂಟಿನಲ್ಲಿ ಮೊದಲೇ ಕಡಿದುಕೊಂಡಿರುತ್ತಾರೆ. ನಮ್ಮ ಅಕೌಂಟಿಂಗ್ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಅವೆಲ್ಲ 'ಸ್ಕೀಮ್ ಅಂಡ್ ಡಿಸ್ಕೌಂಟ್' ಅನ್ನುವ ಒಂದೇ ಲೆಡ್ಜರಿಗೆ ಬೀಳುತ್ತಿದ್ದವು, ಯಾವ ಗಿರಾಕಿಯದು ಅಂತ ಯಾರಿಗೂ ಕಾಣುತ್ತಿರಲಿಲ್ಲ. ಪ್ರತಿ ದೊಡ್ಡ ಗಿರಾಕಿಗೂ ಒಂದೊಂದು ಕಾಸ್ಟ್ ಸೆಂಟರ್ (ಅವರ ಖರ್ಚನ್ನು ಬೇರೆಯಾಗಿ ತೋರಿಸುವ ವಿಭಾಗ) ಮಾಡಿ, ಹಳೆಯ ಎಂಟ್ರಿಗಳನ್ನು ಒಂದೊಂದಾಗಿ ಎತ್ತಿಟ್ಟಾಗ ಚಿತ್ರ ಹೀಗೆ ಬಂತು: ಟರ್ನೋವರ್ ಸ್ಕೀಮ್ 80,000, ಶೆಲ್ಫ್ ಬಾಡಿಗೆ 60,000, ಸ್ಟೋರಿನಲ್ಲಿ ನಿಲ್ಲುವ ಪ್ರಮೋಟರುಗಳ ಸಂಬಳ 1,20,000, ಎಕ್ಸ್‌ಪೈರಿ ವಾಪಸು 90,000, ಒಂದೊಂದು ಸ್ಟೋರಿಗೂ ಎರಡೆರಡು ಬಾಕ್ಸ್ ಇಳಿಸುವ ಗಾಡಿ ಖರ್ಚು 75,000, 75 ದಿನದ ಸಾಲಕ್ಕೆ 12%ರಂತೆ ಬಡ್ಡಿ 50,000. ಒಟ್ಟು 4,75,000. ಉಳಿದದ್ದು 25,000.

ಅದೇ ಲೆಕ್ಕ ತಾಲ್ಲೂಕಿನ ಒಬ್ಬ ಡಿಸ್ಟ್ರಿಬ್ಯೂಟರಿಗೆ ಹಾಕಿ. ಬಿಲ್ಲಿಂಗ್ 4 ಲಕ್ಷ, ಮಾರ್ಜಿನ್ 20%, 80,000. ದುಡ್ಡು ಅಡ್ವಾನ್ಸ್, ಮಾಲು ಒಂದೇ ಲೋಡ್. ಗಾಡಿಗೂ ಸ್ಕೀಮಿಗೂ 20,000 ಹೋದರೂ 60,000 ಉಳಿಯಿತು. ಇವರ ಫೋನಿಗೆ ನಮ್ಮ ಆಫೀಸಿನಲ್ಲಿ ಯಾರೂ ಆತುರದಿಂದ ಎದ್ದು ಹೋಗುತ್ತಿರಲಿಲ್ಲ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇದು ನಮ್ಮೊಬ್ಬರ ಕಥೆಯಲ್ಲ. ಸ್ವೀಡನ್ನಿನ ಕಾಂತಾಲ್ ಕಂಪನಿ 1980ರ ದಶಕದಲ್ಲಿ ಹೀಗೇ ಲೆಕ್ಕ ಹಾಕಿದಾಗ 20% ಗಿರಾಕಿಗಳಿಂದ ಒಟ್ಟು ಲಾಭದ 225% ಬಂದಿತ್ತು. 70% ಜನ ಅಲ್ಲಿಗಲ್ಲಿಗೆ. ಇನ್ನುಳಿದ 10% ಗಿರಾಕಿಗಳು 125%ರಷ್ಟನ್ನು ತಿಂದು ಹಾಕಿದ್ದರು. ಅತಿ ಹೆಚ್ಚು ನಷ್ಟ ತಂದವರಲ್ಲಿ ಇಬ್ಬರು ಮಾರಾಟದಲ್ಲಿ ಮೊದಲ ಮೂರರೊಳಗೇ ಇದ್ದರು.

ಒಂದು ಎಚ್ಚರ ಬೇಕು. ಹೆಡ್ ಆಫೀಸ್ ಬಾಡಿಗೆ, ಎಂಡಿ ಸಂಬಳ ಇಂಥದ್ದನ್ನು ಗಿರಾಕಿಗಳ ಮೇಲೆ ಹಂಚಬೇಡಿ. ಆ ಗಿರಾಕಿ ಹೋದರೂ ಆ ಖರ್ಚು ಹೋಗುವುದಿಲ್ಲ ಅಲ್ವಾ? ಸುಮ್ನೆ ಹಂಚಿದರೆ 25,000 ಉಳಿಸುವವನೂ ನಷ್ಟದಲ್ಲಿ ಕಾಣುತ್ತಾನೆ, ಅವನನ್ನು ಬಿಟ್ಟರೆ ಆ 25,000ವೂ ಹೋಗುತ್ತದೆ.

ಹಾಗಾಗಿ ಚೈನನ್ನು ಬಿಡಲಿಲ್ಲ, ಷರತ್ತು ಬದಲಾಯಿಸಲು ಕೂತೆವು. ಪ್ರಮೋಟರುಗಳನ್ನು ಮಾರಾಟ ಚೆನ್ನಾಗಿರುವ ಸ್ಟೋರುಗಳಲ್ಲಿ ಮಾತ್ರ ಉಳಿಸಿದೆವು. ಮಾಲು ಅವರ ಗೋದಾಮಿಗೆ ಒಂದೇ ಕಡೆ ಇಳಿಸುವುದಕ್ಕೆ ಒಪ್ಪಿದರು. ಸಾಲದ ದಿನಗಳಿಗೆ ಕಾನೂನೇ ನೆರವಾಯಿತು: 2023-24ರ ಆರ್ಥಿಕ ವರ್ಷದಿಂದ, ಸರ್ಕಾರದ ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣ ತಯಾರಕರಿಗೆ ಕರಾರಿನಲ್ಲಿ ಹೆಚ್ಚು ದಿನ ಬರೆದಿದ್ದರೂ 45 ದಿನದೊಳಗೆ ಹಣ ಕೊಡದಿದ್ದರೆ, ಕೊಡುವ ತನಕ ಕೊಂಡವರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಆ ಖರ್ಚನ್ನು ಕಳೆಯಲು ಬರುವುದಿಲ್ಲ. ಇದನ್ನು ಅವರ ಅಕೌಂಟ್ಸ್ ಮ್ಯಾನೇಜರ್ ಹತ್ತಿರ ಮಾತಾಡಿದರೆ ಸಾಕು, ಪರ್ಚೇಸ್‌ನವರಿಗಿಂತ ಬೇಗ ಅರ್ಥವಾಗುತ್ತದೆ. ಎಕ್ಸ್‌ಪೈರಿ ವಾಪಸಿಗೆ ಬಿಲ್ಲಿಂಗಿನ 2% ಮಿತಿ ಹಾಕಿ ಅಂತ ಕೇಳಿದ್ದೇವೆ, ಅದಕ್ಕೆ ಇನ್ನೂ ಒಪ್ಪಿಲ್ಲ.